ಸೊನ್ನೆ ಕೂರುವ ಮಣೆ

ನಮ್ಮ ಮನೆಯಲ್ಲಿ ಮಣೆಗಿದ್ದ ಬೆಲೆ ಮನುಷ್ಯರಿಗೆ ಇರಲಿಲ್ಲ. ಹೀಗೆಂದರೆ ಅವ್ವ ಈಗಲೂ ಸಿಡುಕುತ್ತಾಳೆ, ಹೋಗೇ, ಏನೇನೋ ಬರೀಬೇಡ ಅನ್ನುತ್ತಾಳೆ. ಬರೆಯದೆ ಏನು ಮಾಡಲಿ, ಇದ್ದದ್ದು ಇದ್ದ ಹಾಗೆ. ತುರುವೇಕೆರೆಯಿಂದ ಮಾಯಸಂದ್ರದ ಬಸ್ಸು ಹಿಡಿದು ದಾರಿಯಲ್ಲಿ ಇಳಿದು, ತೋಟಗಳ ನಡುವೆ ಒಂದಿಷ್ಟು ನಡೆದರೆ ಸಿಗುವ ಊರು ಅವ್ವನ ತೌರೂರು. ನಾನು ಹುಟ್ಟಿ ಬೆಳೆದದ್ದು ಅಲ್ಲೇ, ತಾತನ ಮನೆಯಲ್ಲಿ. ಉದ್ದನೆಯ ನಡುಮನೆ. ಊಟದ ಹೊತ್ತಿಗೆ ಗೋಡೆಯ ಪಕ್ಕ ಹಲಸಿನ ಮರದ ಮಣೆಗಳನ್ನು ಸಾಲಾಗಿ ಹಾಕುತ್ತಿದ್ದರು. ಕಂಬದ ಪಕ್ಕದ್ದು ಮೊದಲನೇ ಮಣೆ, ಅದು ತಾತನದು. ತಾತ ಮುದ್ದೆ ಮುರಿಯುವವರೆಗೆ ಸಾಲಿನಲ್ಲಿ ಯಾರೂ ಮುರಿಯುವ ಹಾಗಿಲ್ಲ. ತಾತ ಊರಲ್ಲಿ ಇಲ್ಲದ ದಿನ ಆ ಮಣೆಗೆ ಯಾರು ಅನ್ನುವುದೇ ಒಂದು ಪಂಚಾಯ್ತಿ. ನೆಂಟರು ನಾಲ್ಕು ಜನ ಬಂದುಬಿಟ್ಟರಂತೂ ಮುಗಿಯಿತು. ನೀವು ಕೂರಿ, ಇಲ್ಲ ನೀವು ಕೂರಿ, ಅಯ್ಯೋ ಎಲ್ಲಾದ್ರೂ ಉಂಟಾ, ನೀವು ಹಿರೀಕರು ಅಂತ ಶುರುವಾಗುತ್ತಿತ್ತು. ಒಳಗಿನಿಂದ ಅಜ್ಜಿ ಕೂಗುತ್ತಿದ್ದಳು:

“ಯಾರಾದ್ರೂ ಒಬ್ರು ಕುಕ್ಕರಿಸ್ರಪ್ಪಾ! ಸಾರು ಆರಿ ತಣ್ಣಗಾಗ್ತಾ ಐತೆ!”

ಈ ಸಾಲಿನಲ್ಲಿ ನಮ್ಮಪ್ಪ ಇರುತ್ತಿರಲಿಲ್ಲ. ಅಪ್ಪ ಶೆಟ್ಟಿಕೆರೆಯವನು. ಅವ್ವನ ಮದುವೆಯ ಹೊತ್ತಿಗೆ ಅವಳ ಒಬ್ಬನೇ ತಮ್ಮ ಮಂಜು ಇನ್ನೂ ಅಂಬೆಗಾಲಿಡುತ್ತಿದ್ದ. ತೋಟ ನೋಡಿಕೊಳ್ಳಲು ಒಂದು ಗಂಡಾಳು ಬೇಕಲ್ಲ ಅಂತ ತಾತ ಅಳಿಯನನ್ನೇ ಮನೆಗೆ ಕರೆತಂದು ಇಟ್ಟುಕೊಂಡ. ಬೇರೆ ಮನೆಗಳಲ್ಲಿ ಅಳಿಯ ಹಬ್ಬಕ್ಕೆ ಬಂದರೆ ಮೊದಲನೇ ಮಣೆ ಅವನದೇ, ಕಾಯಿ ಒಬ್ಬಟ್ಟಿಗೆ ತುಪ್ಪ ಸುರಿದಿದ್ದೇ ಸುರಿದದ್ದು, ಉಪಚಾರವೋ ಉಪಚಾರ. ಮನೆಅಳಿಯನಿಗೆ ಅದೆಲ್ಲಿ ಬಂತು? ಅವನು ನೆಂಟನೂ ಅಲ್ಲ, ಯಜಮಾನನೂ ಅಲ್ಲ. ಬಂದ ಹೊಸದರಲ್ಲಿ, ತಾತ ಸಂತೆಗೆ ಹೋಗಿದ್ದ ಒಂದು ದಿನ, ಅಪ್ಪ ತಿಳಿಯದೆ ಕಂಬದ ಪಕ್ಕ ಕೂತುಬಿಟ್ಟನಂತೆ. ಅಜ್ಜಿ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಬಡಿಸುವುದಕ್ಕೆ ಬರಲಿಲ್ಲ, ಅಷ್ಟೆ. ಅಪ್ಪ ಖಾಲಿ ತಟ್ಟೆಯ ಮುಂದೆ ಕೂತಿದ್ದು ಕೂತಿದ್ದು, ಕೊನೆಗೆ ಎದ್ದು ತೋಟಕ್ಕೆ ಹೋದ. ಆವತ್ತಿನಿಂದ ಊಟದ ಹೊತ್ತಿಗೆ ಸರಿಯಾಗಿ ಅವನಿಗೆ ಏನಾದರೂ ಕೆಲಸ ಬಂದುಬಿಡುತ್ತಿತ್ತು. ಹಸುವಿಗೆ ನೀರು, ಗಿಡಕ್ಕೆ ಪಾತಿ, ಇಲ್ಲವೇ ಸುಮ್ಮನೆ ಕೈಕಾಲು ತೊಳೆಯುವುದು. ಸಾಲು ಎದ್ದ ಮೇಲೆ ಬಂದು, ಅಡಿಗೆಮನೆಯಲ್ಲಿ ಒರಳಿನ ಪಕ್ಕ ಕೂತು ಉಣ್ಣುತ್ತಿದ್ದ. ಹೆಂಗಸರೂ ಮಕ್ಕಳೂ ಉಣ್ಣುತ್ತಿದ್ದದ್ದು ಆಗಲೇ, ಹಾಗಾಗಿ ಅಪ್ಪ ನನಗೆ ಸಿಗುತ್ತಿದ್ದದ್ದು ಅಲ್ಲೇ. ಬಸ್ಸಾರಿನ ಕಾಳನ್ನು ಆರಿಸಿ ಆರಿಸಿ ನನ್ನ ತಟ್ಟೆಗೆ ಹಾಕುತ್ತಿದ್ದ. ನನಗೆ ಆ ಜಾಗ ಬಹಳ ಇಷ್ಟ. ಅಪ್ಪನಿಗೆ ಅದು ಇಷ್ಟವೋ ಇಲ್ಲವೋ ಅಂತ ನಾನು ಯೋಚನೆಯೇ ಮಾಡಿರಲಿಲ್ಲ.

ಮಂಜುಮಾವ ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನು. ಲೆಕ್ಕದಲ್ಲಿ ಸೋದರಮಾವ, ಬೆಳೆದದ್ದು ಮಾತ್ರ ಅಣ್ಣ ತಂಗಿಯ ಹಾಗೆ. ಜಡೆ ಎಳೆಯುವುದು, ಪೆಪ್ಪರಮೆಂಟು ಕಿತ್ತುಕೊಳ್ಳುವುದು, ಸೈಕಲ್ ಕಲಿಸುತ್ತೀನಿ ಅಂತ ಕರೆದುಕೊಂಡು ಹೋಗಿ ಕೆರೆ ಏರಿಯಿಂದ ಕೆಳಗೆ ಬಿಡುವುದು, ಎಲ್ಲ ಆಗಿತ್ತು. ಅವನು ತಿಪಟೂರಿನ ಕಾಲೇಜಿನಲ್ಲಿ ಗಣಿತ ಓದಿ ಬಿಎಸ್ಸಿ ಮುಗಿಸಿದ ವರ್ಷವೇ ನಾನು ಎರಡನೇ ಪಿಯುಸಿಯ ಗಣಿತದಲ್ಲಿ ಮಕಾಡೆ ಮಲಗಿದೆ. ಮಧ್ಯೆ ಕಾಮಾಲೆಯಾಗಿ ಒಂದು ವರ್ಷ ಮನೆಯಲ್ಲಿ ಬಿದ್ದಿದ್ದರಿಂದ ನನಗಾಗಲೇ ಹದಿನೆಂಟು ತುಂಬಿತ್ತು. ಆ ಮನೆಯಲ್ಲಿ ಎಲ್ಲ ತೀರ್ಮಾನವೂ ಮುದ್ದೆಯ ಜೊತೆಯಲ್ಲೇ ಆಗುತ್ತಿತ್ತು. ನನ್ನದೂ ಹಾಗೇ ಆಯಿತು. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ತಾತ ಅವರೆಕಾಳು ಸಾರಿನಲ್ಲಿ ಮುದ್ದೆ ಅದ್ದಿ ನುಂಗಿ ಹೇಳಿದ:

“ಇನ್ನೊಂದ್ ಸಲ ಪರೀಕ್ಷೆ ಕಟ್ಲಿ. ಪಾಸಾದ್ಲಾ, ಓದ್ಕಳ್ಲಿ, ನಾನು ಬ್ಯಾಡ ಅನ್ನಲ್ಲ. ಫೇಲಾದ್ಲಾ, ನಮ್ಮ ಮಂಜಂಗೇ ತಂದ್ಕೊಂಡುಬುಡೋದು. ತೋಟನೂ ಒಡಿಯಲ್ಲ, ಮೊಮ್ಮಗಳೂ ಮನೆ ಬುಟ್ಟು ಹೋಗಲ್ಲ.”

ಮಂಜುಮಾವನಿಗೆ ಮುದ್ದೆ ಗಂಟಲಲ್ಲಿ ಸಿಕ್ಕಿ ಕಣ್ಣಲ್ಲಿ ನೀರು ಬಂತು. ಅವ್ವ ನೀರಿನ ಚೊಂಬು ಹಿಡಿದು ಓಡಿದಳು. ನಮ್ಮ ಕಡೆ ಸೋದರಮಾವನಿಗೆ ಕೊಡುವುದು ಹೊಸದೇನಲ್ಲ, ಅಜ್ಜಿಗೆ ಮೊದಲೇ ಮನಸ್ಸಿತ್ತು, ಅವ್ವ ತೌರಿನ ಮುಂದೆ ಬಾಯಿ ಬಿಡುವವಳಲ್ಲ. ಅಪ್ಪನಂತೂ ಹೊರಗೆ ಹಸುವಿಗೆ ನೀರು ಕುಡಿಸುತ್ತಿದ್ದ. ಆಮೇಲೆ ಒರಳಿನ ಪಕ್ಕ ಕೂತಾಗ ಅವ್ವ ಅವನಿಗೆ ವಿಷಯ ಹೇಳಿದಳು. ಅಪ್ಪ ಬೆರಳಿಂದ ತಟ್ಟೆಯಲ್ಲಿ ಸಾರು ಕಲೆಸುತ್ತಾ ಹೌದಾ ಅಂದ, ಅಷ್ಟೇ. ನನಗೆ ಮೈಯೆಲ್ಲ ಉರಿದುಹೋಯಿತು. ಮಗಳನ್ನು ಕೊಡುವ ಮಾತು ಕಣಪ್ಪ, ಹೌದಾ ಅನ್ನುವುದಾ!

ಮಾರನೇ ಬೆಳಿಗ್ಗೆ ಮಂಜುಮಾವ ಹಿತ್ತಲಲ್ಲಿ ನನ್ನನ್ನು ಅಡ್ಡಗಟ್ಟಿದ.

“ಲೇ ಸುಮಾ, ನಿನ್ನ ಸಿಂಬಳ ಒರೆಸಿದೋನು ಕಣೇ ನಾನು. ನಿನ್ನ ಕಟ್ಕೊಳ್ಳೋದಾ? ಥೂ!”

“ನಂಗೇನು ಆಸೆಯಾ, ಆ ಮೂತಿಗೆ?”

“ಹಂಗಾದ್ರೆ ಪಾಸಾಗು!”

“ಆಗಂಗಿದ್ರೆ ಮೊದಲ್ನೇ ಸಲನೇ ಆಗ್ತಿದ್ದೆ.”

ಅವನು ತಲೆ ತಲೆ ಚಚ್ಚಿಕೊಂಡ. ತಾತನ ಎದುರು ನಿಂತು ಬೇಡ ಅನ್ನುವ ಧೈರ್ಯ ಅವನಿಗೂ ಇರಲಿಲ್ಲ, ನನಗೂ ಇರಲಿಲ್ಲ. ಉಳಿದಿದ್ದು ಗಣಿತ ಒಂದೇ. ಹೀಗೆ ನನ್ನನ್ನು ಮದುವೆಯಾಗುವುದನ್ನು ತಪ್ಪಿಸಿಕೊಳ್ಳಲು ನನಗೆ ಪಾಠ ಹೇಳಿದ ಗಂಡು ಪ್ರಪಂಚದಲ್ಲಿ ಅವನೊಬ್ಬನೇ ಇರಬೇಕು.

ಪಾಠ ನಡೆಯುತ್ತಿದ್ದದ್ದು ಅಟ್ಟದ ಮೇಲೆ. ತಾತನ ಮಂಡಿಗೆ ಏಣಿ ಹತ್ತಲು ಆಗುತ್ತಿರಲಿಲ್ಲ, ಹಾಗಾಗಿ ಮನೆಯಲ್ಲಿ ಬಾಯಿಬಿಟ್ಟು ಮಾತಾಡಬಹುದಾದ ಜಾಗ ಅದೊಂದೇ. ಅಡಿಗೆಮನೆಯ ಮೇಲಿನ ಅಟ್ಟ ಅದು. ಸಿಪ್ಪೆ ಸಮೇತ ತೆಂಗಿನಕಾಯಿ ರಾಶಿ ಹಾಕಿ, ಹತ್ತಿರ ಹತ್ತಿರ ಒಂದು ವರ್ಷ ಹಾಗೇ ಬಿಟ್ಟರೆ, ಒಳಗೆ ನೀರು ಬತ್ತಿ ತಿರುಳು ಕರಟ ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಅಲುಗಾಡಿಸಿದರೆ ಗಡಗಡ ಅನ್ನುತ್ತದೆ. ಕೆಳಗಿನ ಒಲೆಯ ಹೊಗೆ ಹಲಗೆ ಸಂದಿಯಿಂದ ಮೇಲೆ ಬಂದು ನಮ್ಮ ಕಣ್ಣಿಗೆ ತುಂಬುತ್ತಿತ್ತು. ತ್ರಿಕೋನಮಿತಿ, ಕಲನ ಎಲ್ಲವನ್ನೂ ಬೈದು ಬೈದು ಹೇಗೋ ನನ್ನ ತಲೆಗೆ ತುರುಕಿದ. ಆದರೆ ಅಂಕಿಗಳನ್ನು ಜೋಡಿಸಿ ಎಣಿಸುವ ಲೆಕ್ಕ ಬಂದರೆ ನಾನು ಮುಗ್ಗರಿಸುತ್ತಿದ್ದೆ. ಯಾವ ಅಂಕಿಯೂ ಎರಡು ಸಲ ಬರದ ಹಾಗೆ ಮೂರಂಕಿಯ ಸಂಖ್ಯೆಗಳು ಎಷ್ಟು? ಎಷ್ಟು ಸಲ ಮಾಡಿದರೂ ನನ್ನ ಉತ್ತರ ಐನೂರ ನಾಲ್ಕು. ಅದು ತಪ್ಪು. ಎಲ್ಲಿ ತಪ್ಪು ಅಂತ ನನಗೆ ಗೊತ್ತಾಗುತ್ತಿರಲಿಲ್ಲ, ಎಷ್ಟು ಹೇಳಿದರೂ ಇವಳಿಗೇಕೆ ಹತ್ತುವುದಿಲ್ಲ ಅಂತ ಅವನಿಗೂ ಗೊತ್ತಾಗುತ್ತಿರಲಿಲ್ಲ.

ಒಂದು ದಿನ ಅವನಿಗೆ ರೇಗಿಹೋಯಿತು. ದಡದಡ ಕೆಳಗಿಳಿದು ನಡುಮನೆಯಿಂದ ಮೂರು ಮಣೆ ಎತ್ತಿಕೊಂಡು ಬಂದ. ಯಾವನ್ಲಾ ಮಣೆ ತಗೊಂಡು ಹೋದೋನು ಅಂತ ಅಜ್ಜಿ ಕೆಳಗೆ ರಂಪ ಮಾಡುತ್ತಿದ್ದರೂ ಕಿವಿಗೆ ಹಾಕಿಕೊಳ್ಳದೆ ಅವನ್ನು ಸಾಲಾಗಿ ಇಟ್ಟ. ರಾಶಿಯಿಂದ ಹತ್ತು ಕಾಯಿ ಉರುಳಿಸಿ, ಸಿಪ್ಪೆಯ ಮೇಲೆ ಸೀಮೆಸುಣ್ಣದಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಬರೆದ.

“ನೋಡೇ, ಹತ್ತು ಜನ ನೆಂಟರು, ಮೂರೇ ಮಣೆ. ಒಂದ್ ಮಣೇಲಿ ಕೂತೋನು ಇನ್ನೊಂದ್ ಮಣೇಲೂ ಕೂರಕ್ಕಾಗಲ್ಲ. ಮೊದಲನೇ ಮಣೆಗೆ ಸೊನ್ನೆ ಕೂರಂಗಿಲ್ಲ. ಯಾಕೆ?”

“ಸೊನ್ನೆ ಮುಂದೆ ಬಂದ್ರೆ ಅದು ಮೂರಂಕಿ ಸಂಖ್ಯೆನೇ ಅಲ್ಲ.”

“ಭೇಷ್. ಹಂಗಾದ್ರೆ ಮೊದಲನೇ ಮಣೆಗೆ ಎಷ್ಟು ಜನ ಅವ್ರೆ?”

“ಒಂಬತ್ತು.”

“ಒಬ್ಬ ಕೂತ. ಎರಡನೇ ಮಣೆಗೆ?”

“ಎಂಟು.”

“ಹೆಂಗೆ ಎಂಟು?”

“ಕೂತೋನ್ನ ಬಿಟ್ಟು, ಸೊನ್ನೆನ ಬಿಟ್ಟು.”

“ಸೊನ್ನೆನ ಯಾಕೆ ಬುಡ್ತೀಯೆ? ಮೊದಲನೇ ಮಣೆ ತಾನೆ ಅದಕ್ಕೆ ಇಲ್ಲದ್ದು? ಎರಡನೇದಕ್ಕೆ ಕೂರ್ಬೋದಲ್ಲ! ಮುನ್ನೂರ ಐದು ಸತ್ತೋಯ್ತಾ? ನಾನೂರ ಹತ್ತು ಸತ್ತೋಯ್ತಾ? ಸೊನ್ನೆ ಮಧ್ಯ ಕೂತಿರೋ ಎಪ್ಪತ್ತೆರಡು, ಕೊನೇಲಿ ಕೂತಿರೋ ಎಪ್ಪತ್ತೆರಡು, ಅಷ್ಟನ್ನೂ ಹೊತ್ಕೊಂಡು ಹೋಗಿ ಕೆರೆಗೆ ಹಾಕ್ದೇನೇ?”

ನನಗೆ ನಿಜಕ್ಕೂ ಗೊಂದಲವಾಯಿತು. ಅವನನ್ನು ರೇಗಿಸಲು ಹೇಳಿದ್ದಲ್ಲ, ನನಗೆ ಹಾಗೇ ತೋರಿದ್ದು:

“ಮೊದಲನೇ ಮಣೆಗೆ ಕೂರಬಾರದೋನು ಸಾಲಲ್ಲೇ ಕೂರಲ್ಲ ಅಲ್ವಾ ಮಾವ? ಅಪ್ಪ ಎಲ್ಲಿ ಕೂರ್ತದೆ?”

ಮಂಜುಮಾವ, ಅದು ಬೇರೆ ಕಣೇ ಅಂದ. ಸೊನ್ನೆ ಬರೆದಿದ್ದ ಕಾಯಿ ಅವನ ಕೈಯಲ್ಲೇ ಇತ್ತು, ಅದನ್ನು ಸುಮ್ಮನೆ ತಿರುಗಿಸುತ್ತಾ ಕೂತ. ಅವನಿಗೆ ನಡೆಯಲು ಕಲಿಸಿದವನು ನಮ್ಮಪ್ಪ. ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬಂದವನೂ ನಮ್ಮಪ್ಪ. ಅಷ್ಟು ವರ್ಷ ಆ ಸಾಲಿನಲ್ಲಿ ತಾತನ ಪಕ್ಕ ಕೂತು ಉಂಡಿದ್ದಾನೆ ಮಹಾರಾಯ, ಭಾವ ಎಲ್ಲಿ ಅಂತ ಒಂದು ದಿನ ತಿರುಗಿ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ ಅನ್ನಿ. ಕೊನೆಗೆ ಅವನು ಆ ಕಾಯಿಯನ್ನು ಎರಡನೇ ಮಣೆಯ ಮೇಲೆ ಇಟ್ಟ.

“ಇಲ್ಲಿ ಕೂರ್ತದೆ,” ಅಂದ. “ಕೂರ್ಬೇಕು. ಒಂಬತ್ತು, ಒಂಬತ್ತು, ಎಂಟು. ಗುಣಿಸು.”

ಗುಣಿಸಿದೆ. ಆರುನೂರ ನಲವತ್ತೆಂಟು. ಪುಸ್ತಕದ ಹಿಂದೆ ಇದ್ದ ಉತ್ತರವೂ ಅದೇ.

ಆವತ್ತು ಮಧ್ಯಾಹ್ನ ಮಣೆ ಹಾಕುವ ಹೊತ್ತಿಗೆ ಮಂಜುಮಾವ ಮನೆಯಲ್ಲಿ ಇರಲಿಲ್ಲ. ತೋಟದಿಂದ ಅಪ್ಪನ ರಟ್ಟೆ ಹಿಡಿದುಕೊಂಡು ಬಂದ. ಅಪ್ಪನ ಕಾಲೆಲ್ಲ ಕೆಸರು. ತಾತ ಆಗಲೇ ಕಂಬದ ಪಕ್ಕ ಕೂತಿದ್ದ.

“ನಾನು ಆಮೇಲೆ ಉಣ್ತೀನಿ ಬುಡು ಮಂಜು,” ಅಂತ ಅಪ್ಪ ಕೈ ಬಿಡಿಸಿಕೊಳ್ಳಲು ನೋಡಿದ.

“ಆಮೇಲೆ ಅಂದಿದ್ದು ಸಾಕು ಬುಡಿ ಭಾವ. ಹಸಿವಾಗಕಿಲ್ವಾ ನಿಮಗೆ? ಕಾಲು ತೊಳ್ಕೊಂಡು ಬಂದು ಇಲ್ಲಿ ಕೂತ್ಕಳಿ.”

ತನ್ನದೇ ಮಣೆಯನ್ನು, ತಾತನ ಪಕ್ಕದ್ದನ್ನು, ತೋರಿಸಿ ತಾನು ಅದರ ಆಚೆ ಕೂತ. ಅಜ್ಜಿ ಸೌಟು ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ಬಡಿಸುತ್ತಾಳೋ ಇಲ್ಲವೋ ಅಂತ ನಾನು ಆ ಸೌಟನ್ನೇ ನೋಡುತ್ತಿದ್ದೆ. ತಾತ ಅಳಿಯನ ಕಡೆ ನೋಡಲಿಲ್ಲ, ಮಗನ ಕಡೆಯೂ ನೋಡಲಿಲ್ಲ, ಅಜ್ಜಿಯ ಕಡೆ ತಿರುಗಿ, ಏನೇ ಹಂಗೆ ನಿಂತ್ಕೊಂಡೆ, ಹಾಕು ಅಂದ. ಅಜ್ಜಿ ಹಾಕಿದಳು. ಅಪ್ಪ ತಲೆ ಎತ್ತದೆ, ಹೆದರಿ ಹೆದರಿ ಅರ್ಧ ಮುದ್ದೆ ಉಂಡ. ಒರಳಿನ ಪಕ್ಕ ಎರಡು ಮುದ್ದೆ ಉಣ್ಣುತ್ತಿದ್ದ ಮನುಷ್ಯ. ಆ ರಾತ್ರಿಯೂ ಮಂಜುಮಾವ ಎಳೆದು ತಂದು ಕೂರಿಸಿದ, ಮಾರನೇ ದಿನವೂ ಎಳೆದು ತಂದ. ಆಮೇಲೆ ಎಳೆಯಬೇಕಾಗಲಿಲ್ಲ. ಒರಳಿನ ಪಕ್ಕ ಅಪ್ಪನ ಜಾಗ ಈಗ ಖಾಲಿ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಪರೀಕ್ಷೆ ತಿಪಟೂರಿನಲ್ಲಿ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಂಜುಮಾವ ನನ್ನ ತಲೆ ತಿನ್ನುತ್ತಿದ್ದ. ಪ್ರಶ್ನೆಪತ್ರಿಕೆ ತೆಗೆದರೆ ಇದೆ ನೋಡಿ: ಯಾವ ಅಂಕಿಯೂ ಮರುಕಳಿಸದಂತೆ ಎಷ್ಟು ನಾಲ್ಕಂಕಿ ಸಂಖ್ಯೆಗಳನ್ನು ಬರೆಯಬಹುದು? ನನಗೆ ನಗುವೇ ಬಂದುಬಿಟ್ಟಿತು. ಮೇಲ್ವಿಚಾರಕರು ಕಣ್ಣು ಬಿಟ್ಟರು. ಮೊದಲನೇ ಮಣೆಗೆ ಒಂಬತ್ತು. ಎರಡನೇದಕ್ಕೂ ಒಂಬತ್ತು, ಯಾಕೆಂದರೆ ಒಬ್ಬ ಕೂತುಬಿಟ್ಟ, ಆದರೆ ಹೊರಗಿದ್ದ ಸೊನ್ನೆ ಒಳಗೆ ಬಂತು. ಆಮೇಲೆ ಎಂಟು, ಆಮೇಲೆ ಏಳು. ನಾಲ್ಕು ಸಾವಿರದ ಐನೂರ ಮೂವತ್ತಾರು ಅಂತ ಬರೆದು ಕೆಳಗೆ ಎರಡು ಗೆರೆ ಎಳೆದೆ. ಅದೊಂದು ಸರಿ ಅಂತ ಗೊತ್ತಿತ್ತು. ಮಿಕ್ಕಿದ್ದು ಏನು ಬರೆದೆನೋ, ಹೊರಗೆ ಬರುವಷ್ಟರಲ್ಲಿ ಒಂದೂ ನೆನಪಿರಲಿಲ್ಲ. ಹೆಂಗಾಯ್ತೇ ಅಂತ ಕೇಳಿದ ಮಾವನಿಗೆ ಗೊತ್ತಿಲ್ಲ ಅಂದೆ.

ಫಲಿತಾಂಶ ಬರುವವರೆಗಿನ ಆ ದಿನಗಳು ಶತ್ರುವಿಗೂ ಬೇಡ. ಅಜ್ಜಿ ಅಟ್ಟದ ಮೂಲೆಯ ಪೆಟ್ಟಿಗೆ ತೆಗೆಸಿ ಸೀರೆಗಳನ್ನು ಬಿಸಿಲಿಗೆ ಹಾಕಿದಳು. ಒಂದೊಂದನ್ನೂ ನನ್ನ ಹೆಗಲ ಮೇಲೆ ಹಾಕಿ ನೋಡುತ್ತಿದ್ದಳು. ನಾನು ಕೊಡವಿಕೊಂಡು ಓಡುತ್ತಿದ್ದೆ. ಒಂದು ಮಧ್ಯಾಹ್ನ ಊಟದ ನಡುವೆ ತಾತ ಗಂಟಲು ಸರಿಮಾಡಿಕೊಂಡ. ನಾನು ಬಾಗಿಲ ಹಿಂದೆ ಇದ್ದೆ.

“ರಿಸಲ್ಟು ಬಂದಾಗ ಬರ್ಲಿ. ಆ ಹುಡುಗಿ ಮುಖ ನೋಡಿದ್ರೇ ಗೊತ್ತಾಗ್ತದೆ, ಆಗಕಿಲ್ಲ. ಈ ಸೋಮವಾರ ಜೋಯಿಸರ ಹತ್ರ ಹೋಗಿ ಒಂದು ದಿನ ನೋಡಿಸ್ಕೊಂಡು ಬತ್ತೀನಿ.”

ಮಂಜುಮಾವ ತಟ್ಟೆ ನೋಡುತ್ತಿದ್ದ. ಆಗ ಒಂದು ದನಿ ಕೇಳಿತು. ಅಷ್ಟು ಮೆಲ್ಲಗಿತ್ತೆಂದರೆ ಯಾರು ಮಾತಾಡಿದ್ದು ಅಂತ ಮೊದಲು ತಿಳಿಯಲೇ ಇಲ್ಲ.

“ಬ್ಯಾಡ ಮಾವ.”

ಅಪ್ಪ. ತಾತನ ಕೈ ಸಾರಿನಲ್ಲೇ ನಿಂತಿತು.

“ಏನಂದೆ?”

“ಜೋಯಿಸರ ಹತ್ರ ಹೋಗಬ್ಯಾಡಿ. ಪಾಸಾಗ್ಲಿ, ಫೇಲಾಗ್ಲಿ, ಈ ಮದುವೆ ಬ್ಯಾಡ. ಇವನು ನನ್ನ ಕೈಲಿ ಆಡಿ ಬೆಳೆದೋನು, ಅವಳೂ ನನ್ನ ಕೈಲಿ ಆಡಿ ಬೆಳೆದೋಳು. ಇಬ್ರಿಗೂ ಮನಸ್ಸಿಲ್ಲ. ನನ್ನ ಮಗಳನ್ನ ನಾನು ಕೊಡಲ್ಲ.”

ಅವ್ವ ನನ್ನ ಪಕ್ಕ ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡಿದ್ದಳು. ತಾತ ತಿರುಗಿ ಅಪ್ಪನನ್ನೇ ನೋಡಿದ. ಅಷ್ಟು ಹತ್ತಿರದಿಂದ ಅಳಿಯನ ಮುಖ ಅವನು ನೋಡಿದ್ದೇ ಕಡಿಮೆ.

“ತಿಂಗಳಾನುಗಟ್ಟಲೆಯಿಂದ ಈ ಮಾತು ನಡೀತಾ ಐತೆ. ಆವಾಗೇನು ನಿನ್ನ ಬಾಯಲ್ಲಿ ಕಡುಬಿತ್ತಾ?”

“ಮಾತು ನಡಿಯೋವಾಗ ನಾನು ಇಲ್ಲಿ ಇರ್ತಿರ್ಲಿಲ್ಲವಲ್ಲ ಮಾವ. ಎಲ್ಲ ತೀರ್ಮಾನ ಆದ ಮ್ಯಾಲೆ ನಂಗೆ ತಿಳೀತಿತ್ತು.”

ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಾತ ಹಾರಾಡಿಬಿಡುತ್ತಿದ್ದ. ಅವನು ಇದ್ದದ್ದನ್ನು ಹೇಳಿದ, ಅಷ್ಟೇ. ತಾತ ಮಗನ ಕಡೆ ತಿರುಗಿದ.

“ನೀನೇನ್ಲಾ ಅಂತೀಯಾ?”

“ನಂಗೂ ಬ್ಯಾಡಪ್ಪೋ!” ಅಂತ ಮಂಜುಮಾವ ಕೂಗಿದ್ದು ಬೀದಿಗೆ ಕೇಳಿಸಿರಬೇಕು.

ತಾತ ತಟ್ಟೆಯಲ್ಲಿ ಕೈ ತೊಳೆದ. ಎದ್ದು ಹೊರಗೆ ಹೋಗಿ ಜಗುಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆದರೆ ಸೋಮವಾರ ಬಂತು, ಹೋಯ್ತು, ತಾತ ಜೋಯಿಸರ ಮನೆ ಕಡೆ ತಲೆ ಹಾಕಲಿಲ್ಲ. ಅಜ್ಜಿ ಗೊಣಗುತ್ತಾ ಸೀರೆಗಳನ್ನು ಮಡಿಸಿ ಪೆಟ್ಟಿಗೆಗೆ ಹಾಕಿದಳು. ಅಬ್ಬಾ, ಆ ಪೆಟ್ಟಿಗೆಯ ಮುಚ್ಚಳ ಬಿದ್ದಾಗ ಎದೆಯ ಮೇಲಿಂದ ಚಪ್ಪಡಿ ಇಳಿಸಿದ ಹಾಗಾಯಿತು. ಆವತ್ತು ರಾತ್ರಿ ಎಷ್ಟೋ ದಿನಗಳ ಮೇಲೆ ನಾನು ಹೊಟ್ಟೆ ತುಂಬಾ ಉಂಡೆ.

ಫಲಿತಾಂಶ ನೋಡಲು ಮಂಜುಮಾವನೇ ತಿಪಟೂರಿಗೆ ಹೋದ. ಸಂಜೆ ಬಸ್ಸಿಳಿದವನು ದೂರದಿಂದಲೇ ಎರಡೂ ಕೈ ಮೇಲೆತ್ತಿಕೊಂಡು, ಲುಂಗಿ ಜಾರಿದ್ದೂ ಗೊತ್ತಾಗದೆ ತೋಟದ ದಾರಿಯಲ್ಲಿ ಓಡಿಬಂದ. ಪಾಸು ಕಣೇ, ಪಾಸು! ತಾತ ಜಗುಲಿಯ ಮೇಲಿಂದ, ಏನ್ಲಾ ಅದು ಕೂಗಾಟ ಅಂದ. ಆಮೇಲೆ ಒಳಗೆ ಕೇಳುವ ಹಾಗೆ, ಏನಾದ್ರೂ ಸಿಹಿ ಮಾಡ್ರೇ ಅಂದ. ಅವ್ವ ಕಾಯಿ ತುರಿಯಲು ಕೂತಳು. ನಾನು ಅವಳ ಪಕ್ಕ ಕೂತು ಬೆಲ್ಲ ಕುಟ್ಟುತ್ತಿದ್ದೆ. ಪಾಸಾದ ಖುಷಿ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದು ನಾನು ಅಂದುಕೊಂಡಿದ್ದಷ್ಟು ದೊಡ್ಡದಾಗಿರಲಿಲ್ಲ, ಯಾಕೆ ಅಂತ ನನಗೇ ತಿಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ:

“ಅವ್ವಾ, ಫೇಲಾಗಿದ್ರೆ ಏನಾಗ್ತಿತ್ತು?”

ಅವ್ವ ತುರಿಯುವುದನ್ನು ನಿಲ್ಲಿಸಲಿಲ್ಲ. ಆ ಮನೆಯಲ್ಲಿ ಅವಳ ಬಾಯಿಂದ ಅಲ್ಲಿಯವರೆಗೆ ನಾನು ಕೇಳದೇ ಇದ್ದ ಒಂದು ಮಾತನ್ನು, ದಿನಾ ಹೇಳುವವಳ ಹಾಗೆ ಹೇಳಿದಳು:

“ಏನೂ ಆಗ್ತಿರ್ಲಿಲ್ಲ ಕಣೇ. ನಿಮ್ಮಪ್ಪ ಹೇಳಾಗಿತ್ತಲ್ಲ.”